ಒಲೆಯ ಶಾಖ ಎಲ್ಲಿ ಹೋಗುತ್ತದೆ?

ಒಂದು ಕಿಲೋಗ್ರಾಂ ಅಕ್ಕಿಯನ್ನು ಅನ್ನ ಮಾಡಲು ಎಷ್ಟು ಸೌದೆ ಬೇಕು? ಈ ಪ್ರಶ್ನೆಯನ್ನು ಅಡುಗೆಮನೆಯಲ್ಲಿ ಕೇಳಿದರೆ ಒಂದು ಉತ್ತರ ದೊರೆಯುವುದು. ಭೌತಶಾಸ್ತ್ರದ ಪುಸ್ತಕವನ್ನು ತೆರೆದು ಲೆಕ್ಕ ಹಾಕಿದರೆ ಬೇರೊಂದು ಉತ್ತರ ದೊರೆಯುವುದು. ಎರಡು ಉತ್ತರಗಳ ನಡುವೆ ಹೆಚ್ಚು ಕಡಿಮೆ ಹತ್ತು ಪಟ್ಟು ಅಂತರವಿದೆ. ಆ ಅಂತರ ಹೇಗೆ ಉಂಟಾಯಿತು, ಅದರಲ್ಲಿ ಎಷ್ಟನ್ನು ತಗ್ಗಿಸಬಹುದು, ತಗ್ಗಿಸಲು ಹೊರಟವರಿಗೆ ಎದುರಾದ ತೊಡಕುಗಳೇನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಪುಸ್ತಕದ ಉತ್ತರ. ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿಸಲು ಬೇಕಾದ ಶಾಖಕ್ಕೆ ಒಂದು ಕ್ಯಾಲೊರಿ ಎಂದು ಹೆಸರು. ಅಂಥ ಸಾವಿರ ಕ್ಯಾಲೊರಿಗಳು ಸೇರಿದರೆ ಒಂದು ಕಿಲೊಕ್ಯಾಲೊರಿ. ಇಂದಿನ ಪಠ್ಯಪುಸ್ತಕಗಳಲ್ಲಿ ಜೂಲ್ ಎಂಬ ಮಾನವೇ ಬಳಕೆಯಲ್ಲಿದೆ. ಒಂದು ಕ್ಯಾಲೊರಿ ಎಂದರೆ ಸುಮಾರು ೪.೧೮ ಜೂಲ್. ಆದರೆ ಅಡುಗೆಯ ಲೆಕ್ಕದಲ್ಲಿ ನೀರಿಗೇ ಪ್ರಧಾನ ಸ್ಥಾನವಿರುವುದರಿಂದ ನಾವು ಹಳೆಯ ಮಾನವನ್ನೇ ಇಟ್ಟುಕೊಳ್ಳುವುದು ಅನುಕೂಲ. ಒಂದು ಕಿಲೋಗ್ರಾಂ ಅಕ್ಕಿಗೆ ಎರಡೂವರೆ ಲೀಟರ್ ನೀರು ಎಂದಿಟ್ಟುಕೊಳ್ಳೋಣ. ನೀರು ೨೫ ಡಿಗ್ರಿಯಿಂದ ೧೦೦ ಡಿಗ್ರಿಗೆ, ಅಂದರೆ ೭೫ ಡಿಗ್ರಿಗಳಷ್ಟು ಏರಬೇಕು. ಅದಕ್ಕೆ ೧೮೭ ಕಿಲೊಕ್ಯಾಲೊರಿಗಿಂತ ತುಸು ಹೆಚ್ಚು ಶಾಖ ಬೇಕು. ಅಕ್ಕಿಯು ಅಷ್ಟೇ ತೂಕದ ನೀರು ಹೀರುವ ಶಾಖದಲ್ಲಿ ಅರ್ಧಕ್ಕಿಂತಲೂ ಕಡಿಮೆ ಹೀರುವುದು. ಅದರ ಪಾಲು ಸುಮಾರು ೩೦. ಒಂದು ಕಿಲೋಗ್ರಾಂ ತೂಕದ ಅಲ್ಯೂಮಿನಿಯಂ ತಪ್ಪಲೆಗೆ ಮತ್ತೊಂದು ೧೬. ಎಲ್ಲವನ್ನೂ ಕೂಡಿದರೆ ಸುಮಾರು ೨೩೪ ಕಿಲೊಕ್ಯಾಲೊರಿ.

ಚೆನ್ನಾಗಿ ಒಣಗಿದ ಒಂದು ಕಿಲೋಗ್ರಾಂ ಸೌದೆ ಪೂರ್ತಿಯಾಗಿ ಉರಿದರೆ ಸುಮಾರು ೪೦೦೦ ಕಿಲೊಕ್ಯಾಲೊರಿ ಶಾಖ ಹೊರಬರುತ್ತದೆ. ಆದ್ದರಿಂದ ಮೇಲಿನ ಕೆಲಸಕ್ಕೆ ಅರವತ್ತು ಗ್ರಾಂ ಸೌದೆ ಸಾಕು! ಗೇಣುದ್ದದ, ಹೆಬ್ಬೆರಳು ದಪ್ಪದ ಕಡ್ಡಿ ಒಂದೋ ಎರಡೋ. ಆರೇಳು ಜನರಿಗಾಗುವ ಅನ್ನಕ್ಕೆ ಇಷ್ಟು ಸೌದೆ ಎಂದರೆ ಒಲೆಯ ಮುಂದೆ ಕುಳಿತು ಬಲ್ಲ ಯಾವ ಗೃಹಿಣಿಯೂ ನಂಬಲಾರಳು. ಅವಳ ಅನುಭವವೇ ಸರಿ. ಸಾಮಾನ್ಯವಾದ ಮಣ್ಣಿನ ಒಲೆಯಲ್ಲಾಗಲಿ ಮೂರು ಕಲ್ಲಿನ ಒಲೆಯಲ್ಲಾಗಲಿ ಸೌದೆಯ ಶಾಖದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮಾತ್ರ ಪಾತ್ರೆಯನ್ನು ಸೇರುತ್ತದೆ. ಅರವತ್ತು ಗ್ರಾಂ ಇದ್ದಲ್ಲಿ ಆರುನೂರು ಗ್ರಾಂ ಸೌದೆ ಉರಿದು ಹೋಗುವುದು.

ಸೌದೆಯಲ್ಲಿ ಅಡಗಿರುವ ಶಕ್ತಿ ಅಲ್ಪವೆಂದು ಇದರಿಂದ ಯಾರೂ ತಿಳಿಯಬಾರದು. ಶಾಖವು ಶಕ್ತಿಯ ಒಂದು ರೂಪ. ಅದನ್ನು ಭಾರ ಎತ್ತುವ ಕೆಲಸದೊಡನೆ ಹೋಲಿಸಬಹುದು. ಒಂದು ಕಿಲೋಗ್ರಾಂ ಸೌದೆಯ ಶಾಖವನ್ನೆಲ್ಲ ಒಂದಿಷ್ಟೂ ಸೋರದಂತೆ ಎತ್ತುವ ಕೆಲಸಕ್ಕೆ ಹಚ್ಚಬಹುದಾದರೆ, ಒಂದು ಟನ್ ಭಾರವನ್ನು ೧೭೦೦ ಮೀಟರುಗಳಷ್ಟು ಮೇಲೆತ್ತಬಹುದು. ನಂದಿಬೆಟ್ಟದ ನೆತ್ತಿ ಕೂಡ ಸಮುದ್ರಮಟ್ಟದಿಂದ ೧೪೭೮ ಮೀಟರ್ ಮಾತ್ರ. ಬೆಟ್ಟವನ್ನು ದಾಟಿಸಬಲ್ಲ ಶಕ್ತಿಯನ್ನು ಉರಿಸಿ ನಾವು ಒಂದು ಹೊತ್ತಿನ ಅಡುಗೆ ಮಾಡುತ್ತಿದ್ದೇವೆ.

ಶಾಖ ಮತ್ತು ಕೆಲಸ ಇವೆರಡರ ಈ ನಂಟನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರಲ್ಲಿ ಒಬ್ಬನು ಅಡುಗೆಯ ಒಲೆಯನ್ನೂ ಶಾಸ್ತ್ರೀಯವಾಗಿ ಪರೀಕ್ಷಿಸಿದವನೆಂಬುದು ಸ್ವಾರಸ್ಯದ ಸಂಗತಿ. ೧೭೫೩ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ ಬೆಂಜಮಿನ್ ಥಾಮ್ಸನ್ ಮುಂದೆ ಯೂರೋಪಿನ ಬವೇರಿಯದಲ್ಲಿ ಅರಸನ ಸೇವೆಗೆ ಸೇರಿ ಕೌಂಟ್ ರಮ್‌ಫರ್ಡ್ ಎಂಬ ಬಿರುದು ಪಡೆದನು. ಮ್ಯೂನಿಕ್ ನಗರದ ಆಯುಧಶಾಲೆಯಲ್ಲಿ ಹಿತ್ತಾಳೆಯ ಫಿರಂಗಿಗಳಿಗೆ ರಂಧ್ರ ಕೊರೆಯುವಾಗ ಲೋಹವು ವಿಪರೀತ ಕಾಯುವುದನ್ನು ಅವನು ಕಂಡನು. ಶಾಖವೆಂಬುದು ವಸ್ತುಗಳಲ್ಲಿ ಅಡಗಿರುವ ತೂಕವಿಲ್ಲದ ಒಂದು ದ್ರವವೆಂದು ಆಗಿನ ವಿದ್ವಾಂಸರು ಬಗೆದಿದ್ದರು. ರಮ್‌ಫರ್ಡ್ ಮೊಂಡಾದ ಕೊರೆಯುಳಿಯನ್ನು ತೊಡಿಸಿ, ಲೋಹದ ಸುತ್ತ ನೀರು ತುಂಬಿದ ಮರದ ಪೆಟ್ಟಿಗೆಯನ್ನು ಕಟ್ಟಿ, ಕುದುರೆಗಳಿಂದ ಯಂತ್ರವನ್ನು ತಿರುಗಿಸಿದನು. ಎರಡೂವರೆ ಗಂಟೆಗಳ ತರುವಾಯ, ಕಿಡಿಯಷ್ಟೂ ಬೆಂಕಿಯಿಲ್ಲದೆ, ಪೆಟ್ಟಿಗೆಯ ನೀರು ಕುದಿಯಿತು. ಉಜ್ಜುತ್ತ ಹೋದಷ್ಟೂ ಶಾಖ ಹೊರಡುತ್ತಲೇ ಇರುವುದಾದರೆ ಅದು ದ್ರವವಾಗಿರಲಾರದು, ಚಲನೆಯೇ ಆಗಿರಬೇಕೆಂದು ಅವನು ೧೭೯೮ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವಾದಿಸಿದನು. ಎಷ್ಟು ಕೆಲಸಕ್ಕೆ ಎಷ್ಟು ಶಾಖವೆಂಬುದನ್ನು ಕರಾರುವಾಕ್ಕಾಗಿ ಅಳೆದು ತೋರಿಸಿದ ಕೀರ್ತಿ ೧೮೪೦ರ ದಶಕದಲ್ಲಿ ಜೇಮ್ಸ್ ಜೂಲ್‌ಗೆ ಸಂದಿತು.

ಇದೇ ರಮ್‌ಫರ್ಡ್ ಮ್ಯೂನಿಕ್‌ನಲ್ಲಿ ಬಡಬಗ್ಗರಿಗಾಗಿ ನಡೆಯುತ್ತಿದ್ದ ದೊಡ್ಡ ಅಡುಗೆಮನೆಗಳನ್ನು ನೋಡಿಕೊಳ್ಳಬೇಕಾಗಿತ್ತು. ತೆರೆದ ಬೆಂಕಿಯ ಮೇಲೆ ಪಾತ್ರೆ ತೂಗುಹಾಕುವ ಪದ್ಧತಿಯಲ್ಲಿ ಸೌದೆ ಹಾಳಾಗುವುದನ್ನು ಕಂಡು, ಇಟ್ಟಿಗೆಯ ಕಟ್ಟಡದೊಳಗೆ ಬೆಂಕಿಯನ್ನು ಮುಚ್ಚಿ, ಪಾತ್ರೆಯನ್ನು ಅದರೊಳಕ್ಕೆ ಇಳಿಬಿಟ್ಟು, ಗಾಳಿ ಬರುವ ದಾರಿಗೆ ಹಲಗೆಬಾಗಿಲಿಟ್ಟು ಹತೋಟಿ ಮಾಡುವ ಒಲೆಗಳನ್ನು ಕಟ್ಟಿಸಿದನು. ಇಂದು ಸುಧಾರಿತ ಒಲೆಯೆಂದು ಕರೆಯುವುದರ ಮೂಲತತ್ತ್ವಗಳು ಬಹುಮಟ್ಟಿಗೆ ಅವನ ಒಲೆಗಳಲ್ಲಿದ್ದುವು. ಫಿರಂಗಿಯ ಪ್ರಯೋಗ ಪ್ರತಿಯೊಂದು ಪಠ್ಯಪುಸ್ತಕದಲ್ಲಿಯೂ ಬಂದಿದೆ. ಒಲೆಯ ಪ್ರಯೋಗಗಳನ್ನು ಹೇಳುವ ಪುಸ್ತಕಗಳು ವಿರಳ. ಅಡುಗೆಮನೆಯ ಕೆಲಸಕ್ಕೆ ಲೋಕ ಕೊಡುವ ಬೆಲೆಯೇ ಇದಕ್ಕೆ ಕಾರಣವೆಂದು ನಮಗೆ ತೋರುತ್ತದೆ.

ಸೌದೆ ಉರಿಯುವ ಬಗೆ

ಒಲೆಗೆ ಎರಡು ಕೆಲಸಗಳುಂಟು. ಒಂದು, ಸೌದೆಯನ್ನು ಪೂರ್ತಿಯಾಗಿ ಉರಿಸುವುದು. ಇನ್ನೊಂದು, ಹುಟ್ಟಿದ ಶಾಖವನ್ನು ಪಾತ್ರೆಗೆ ಮುಟ್ಟಿಸುವುದು. ಇವೆರಡೂ ಒಂದೇ ಎಂದು ಮೇಲುನೋಟಕ್ಕೆ ಕಾಣುವುದಾದರೂ ನಿಜವಾಗಿ ಬೇರೆ ಬೇರೆ. ಎಷ್ಟೋ ವೇಳೆ ಒಂದಕ್ಕೊಂದು ವಿರೋಧವಾಗಿಯೂ ನಿಲ್ಲುವುವು. ಮೊದಲನೆಯದನ್ನು ಮೊದಲು ನೋಡೋಣ.

ಸೌದೆ ಉರಿಯುತ್ತದೆ ಎಂದು ನಾವು ಹೇಳುವುದುಂಟು. ನಿಜವಾಗಿ ನೋಡಿದರೆ ಜ್ವಾಲೆಯಾಗಿ ಉರಿಯುವುದು ಸೌದೆಯಲ್ಲ. ಒಂದು ಕೊಳ್ಳಿಯನ್ನು ಗಮನವಿಟ್ಟು ನೋಡಿ: ಜ್ವಾಲೆಯು ಕಟ್ಟಿಗೆಗೆ ಅಂಟಿಕೊಂಡಿರುವುದಿಲ್ಲ, ಸ್ವಲ್ಪ ದೂರದಲ್ಲಿ ಕುಣಿಯುತ್ತಿರುತ್ತದೆ. ಕಟ್ಟಿಗೆಗೆ ಶಾಖ ತಗುಲಿದಾಗ ಮೊದಲು ಅದರಲ್ಲಿರುವ ನೀರು ಆವಿಯಾಗಿ ಹೋಗುವುದು. ಉಷ್ಣತೆ ಇನ್ನೂರು ಮುನ್ನೂರು ಡಿಗ್ರಿಗಳಿಗೆ ಏರಿದಾಗ ಕಟ್ಟಿಗೆಯ ದ್ರವ್ಯವೇ ಒಡೆದು ಅನಿಲಗಳೂ ಟಾರಿನಂಥ ಆವಿಗಳೂ ಹೊರಬೀಳುತ್ತವೆ. ಒಣ ಸೌದೆಯ ತೂಕದಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಾಲು ಹೀಗೆ ಅನಿಲವಾಗಿ ಹೋಗತಕ್ಕದ್ದು. ಇವು ಗಾಳಿಯ ಆಮ್ಲಜನಕದೊಡನೆ ಬೆರೆತು ಉರಿದಾಗ ಕಾಣುವುದೇ ಜ್ವಾಲೆ. ಉಳಿದದ್ದು ಇದ್ದಿಲು, ಅದು ಜ್ವಾಲೆಯಿಲ್ಲದೆ ಕೆಂಡವಾಗಿ ನಿಧಾನವಾಗಿ ಉರಿಯುವುದು. ಸೌದೆಯ ಒಟ್ಟು ಶಾಖದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅನಿಲಗಳಲ್ಲಿಯೂ ಒಂದು ಪಾಲು ಕೆಂಡದಲ್ಲಿಯೂ ಇರುತ್ತದೆ.

ಅನಿಲಗಳು ಉರಿಯಬೇಕಾದರೆ ಮೂರು ಅನುಕೂಲಗಳು ಕೂಡಿಬರಬೇಕು: ಸಾಕಷ್ಟು ಗಾಳಿ, ಆ ಗಾಳಿಯೊಡನೆ ಚೆನ್ನಾದ ಬೆರಕೆ, ಮತ್ತು ಆರುನೂರು ಡಿಗ್ರಿಗೆ ಕಡಿಮೆಯಿಲ್ಲದ ಉಷ್ಣತೆ. ಇವುಗಳಲ್ಲಿ ಒಂದು ತಪ್ಪಿದರೂ ಅನಿಲಗಳು ಉರಿಯದೆಯೇ ಮೇಲೆದ್ದು, ತಣ್ಣಗಾಗಿ, ಸಣ್ಣ ಸಣ್ಣ ಹನಿಗಳಾಗಿಯೂ ಮಸಿಯ ಕಣಗಳಾಗಿಯೂ ತೇಲುತ್ತವೆ. ಅದೇ ಹೊಗೆ. ಹೊಗೆಯೆಂದರೆ ಬೆಂಕಿಯ ಕಸವೆಂದು ಜನ ತಿಳಿಯುವುದುಂಟು. ವಾಸ್ತವವಾಗಿ ಅದು ಉರಿಯದೆ ತಪ್ಪಿಸಿಕೊಂಡ ಸೌದೆ. ಆಗತಾನೆ ಆರಿದ ಮೇಣದ ಬತ್ತಿಯಿಂದ ಏಳುವ ಬಿಳಿಯ ಹೊಗೆಯೆಳೆಗೆ ಬೆಂಕಿಕಡ್ಡಿಯನ್ನು ಹಿಡಿದರೆ ಜ್ವಾಲೆಯು ಆ ಎಳೆಯ ಗುಂಟ ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಊದುಗೊಳವೆಯಿಂದ ಒಲೆಯನ್ನು ಊದಿದಾಗ ಹೊಗೆಯು ಭಗ್ಗನೆ ಜ್ವಾಲೆಯಾಗುವುದಕ್ಕೂ ಇದೇ ಕಾರಣ. ಊದಿದ ಗಾಳಿ ಕೆಂಡವನ್ನು ಕೆರಳಿಸಿ ಉಷ್ಣತೆಯನ್ನು ಏರಿಸುತ್ತದೆ, ಅನಿಲಕ್ಕೆ ಆಮ್ಲಜನಕವನ್ನು ಒದಗಿಸುತ್ತದೆ, ಎರಡನ್ನೂ ಕಲಸುತ್ತದೆ. ಮೂರು ಅನುಕೂಲಗಳೂ ಒಂದೇ ಉಸಿರಿನಲ್ಲಿ!

ಹಸಿ ಸೌದೆಯ ವಿಷಯವನ್ನು ಇಲ್ಲಿಯೇ ಮುಗಿಸಬಹುದು. ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಅಂಥ ಒಂದು ಕಿಲೋಗ್ರಾಂ ಕಟ್ಟಿಗೆಯಲ್ಲಿರುವ ಅರ್ಧ ಲೀಟರ್ ನೀರನ್ನು ಕಾಯಿಸಿ ಆವಿ ಮಾಡಲು ಮುನ್ನೂರು ಕಿಲೊಕ್ಯಾಲೊರಿಗೂ ಹೆಚ್ಚು ಶಾಖ ವ್ಯಯವಾಗುವುದು. ಅದು ಉಳಿದ ಅರ್ಧ ಕಿಲೋಗ್ರಾಂ ಮರದ ಶಾಖದಲ್ಲಿ ಆರೇಳು ಪಾಲಿನಲ್ಲಿ ಒಂದು ಪಾಲು. ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಕೊಳ್ಳಿಯ ಹಿಂದುಗಡೆಯ ತುದಿಯಲ್ಲಿ ನೊರೆ ಉಕ್ಕಿಸುತ್ತ ಸುಂಯ್ಯೆನ್ನುವ ಆ ನೀರಿನ ಆವಿ ಬೆಂಕಿಯ ಉಷ್ಣತೆಯನ್ನು ಕೆಳಗಿಳಿಸುತ್ತದೆ. ಉಷ್ಣತೆ ಇಳಿದಾಗ ಅನಿಲಗಳು ಹೊತ್ತುವುದಿಲ್ಲ. ಹೊಗೆಯಾಗಿ ಹೋದ ಈ ಅನಿಲಗಳಿಂದಾಗುವ ನಷ್ಟವೇ ಎಷ್ಟೋ ಸಲ ಹೆಚ್ಚು ದೊಡ್ಡದು.

ಕೆಂಡದ ಅಪಾಯ ಬೇರೆ ಬಗೆಯದು. ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹೊಗೆಯಿಲ್ಲದೆ ಉರಿಯುವುದರಿಂದ ಅದು ನಿರಪಾಯವೆಂಬ ಭಾವನೆ ಬಳಕೆಯಲ್ಲಿದೆ. ಗಾಳಿ ಸಾಲದೆ ಹೋದಾಗ ಇದ್ದಿಲಿನಿಂದ ಇಂಗಾಲದ ಮಾನಾಕ್ಸೈಡ್ ಹುಟ್ಟುವುದು. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ರಕ್ತದ ಕೆಂಪು ದ್ರವ್ಯಕ್ಕೆ ಅಂಟಿಕೊಂಡು, ಅದು ಆಮ್ಲಜನಕವನ್ನು ಹೊರದಂತೆ ಮಾಡುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗಿದವರು ಏಳದೆ ಹೋದ ಪ್ರಸಂಗಗಳಿಗೆ ಇದೇ ಕಾರಣ.

ಉರಿಯಿಂದ ಪಾತ್ರೆಗೆ

ಉರಿಯೇನೋ ಚೆನ್ನಾಗಿ ಹೊತ್ತಿತೆನ್ನೋಣ. ಅದರ ಶಾಖ ಪಾತ್ರೆಗೆ ಹೇಗೆ ಹೋಗುವುದು? ಕೆಂಡಗಳು ವಿಕಿರಣದಿಂದ ಶಾಖವನ್ನು ಸುತ್ತಲೂ ಬೀರುತ್ತವೆ. ಒಲೆಯ ಮುಂದೆ ಕುಳಿತವರ ಮುಖಕ್ಕೆ ಬಡಿಯುವ ಧಗೆ ಇದೇ. ಅದು ಮುಖಕ್ಕೂ ಗೋಡೆಗೂ ಪಾತ್ರೆಗೂ ಸಮದೃಷ್ಟಿಯಿಂದ ಹಂಚಿಹೋಗುತ್ತದೆ; ಪಾತ್ರೆಯ ತಳಕ್ಕೆ ಎದುರಾಗಿರುವ ಪಾಲು ಮಾತ್ರ ಅಡುಗೆಗೆ ದಕ್ಕುವುದು. ಮಿಕ್ಕ ಶಾಖವನ್ನು ಹೊತ್ತು ಮೇಲೇರುವುದು ಕಾದ ಅನಿಲ. ಅದು ಪಾತ್ರೆಯ ತಳವನ್ನು ಸವರಿಕೊಂಡು ಹೋಗುವ ಅರೆಗಳಿಗೆಯಲ್ಲಿ ತನ್ನ ಶಾಖವನ್ನು ಒಪ್ಪಿಸಿಬಿಡಬೇಕು. ಅದು ಸುಲಭವಲ್ಲ. ಪಾತ್ರೆಯ ಮೈಗೆ ಹತ್ತಿಕೊಂಡಂತೆ ಹೆಚ್ಚು ಕಡಿಮೆ ನಿಶ್ಚಲವಾದ ಅನಿಲದ ತೆಳು ಪದರವೊಂದು ನಿಂತಿರುತ್ತದೆ. ಅನಿಲಗಳು ಶಾಖದ ವಹನದಲ್ಲಿ ಬಹಳ ಮಂದವಾದುವು. ಈ ಪದರ ಒಂದು ಕಂಬಳಿಯಂತೆ ಶಾಖವನ್ನು ತಡೆಯುತ್ತದೆ. ಪಾತ್ರೆ ತಾಮ್ರದ್ದೋ ಅಲ್ಯೂಮಿನಿಯಮಿನದೋ ಎಂಬ ಚರ್ಚೆಗೆ ಆದ್ದರಿಂದ ಹೆಚ್ಚಿನ ಅರ್ಥವಿಲ್ಲ. ನಿಜವಾದ ತಡೆಯಿರುವುದು ಲೋಹದಲ್ಲಲ್ಲ, ಲೋಹದ ಹೊರಗಿನ ಆ ಕಂಬಳಿಯಲ್ಲಿ.

ಕಂಬಳಿಯನ್ನು ತೆಳ್ಳಗೆ ಮಾಡಲು ಒಂದು ಉಪಾಯವುಂಟು. ಅನಿಲವು ಪಾತ್ರೆಗೂ ಒಲೆಯ ಗೋಡೆಗೂ ನಡುವಣ ಕಿರಿದಾದ ಸಂದಿಯಲ್ಲಿ ನುಸುಳಿ ವೇಗವಾಗಿ ಹೋಗುವಂತೆ ಮಾಡಿದರೆ ನಿಶ್ಚಲ ಪದರ ಕೊಚ್ಚಿಹೋಗುತ್ತದೆ, ಶಾಖ ಚುರುಕಾಗಿ ದಾಟುತ್ತದೆ. ಪಾತ್ರೆಯನ್ನು ಒಲೆಯೊಳಕ್ಕೆ ಇಳಿಬಿಡುವುದರ ಪ್ರಯೋಜನವಿದು. ಬಚ್ಚಲೊಲೆಯ ಹಂಡೆಯನ್ನು ಕಟ್ಟೆಯಲ್ಲಿ ಹುದುಗಿಸಿ ಕಟ್ಟುವ ನಮ್ಮ ಹಳೆಯ ಪದ್ಧತಿಯಲ್ಲಿ ಈ ತತ್ತ್ವ ಅಡಗಿದೆ. ಅಡುಗೆಯ ಒಲೆಯಲ್ಲಾದರೋ ಬಾಯಂಚಿನ ಮೂರು ಉಬ್ಬುಗಳ ಮೇಲೆ ಪಾತ್ರೆ ಎತ್ತರದಲ್ಲಿ ಕೂರುವುದು, ನಡುವಣ ಅಗಲವಾದ ಕಂಡಿಗಳಿಂದ ಜ್ವಾಲೆ ಹೊರಗೆ ನಾಲಗೆ ಚಾಚುವುದು. ಹಾಗೆ ಹೊರಬಿದ್ದ ಶಾಖವನ್ನು ಹಿಡಿಯಲೆಂದೇ ಹಿಂದಿನವರು ಪಕ್ಕದಲ್ಲಿ ಕೋಡೊಲೆಯನ್ನು ಹಾಕಿದರು. ಮೊದಲ ಪಾತ್ರೆಯನ್ನು ತಪ್ಪಿಸಿಕೊಂಡ ಕಾವಿನಲ್ಲಿ ಅಲ್ಲಿ ಸಾರೋ ಹಾಲೋ ಬಿಸಿಯಾಗುತ್ತದೆ.

ಗಾಳಿಯೂ ಶಾಖವನ್ನು ಕದಿಯುವುದು. ಒಂದು ಕಿಲೋಗ್ರಾಂ ಒಣ ಸೌದೆ ಉರಿಯಲು ಸುಮಾರು ಆರು ಕಿಲೋಗ್ರಾಂ ಗಾಳಿ ಬೇಕು. ಅದರಲ್ಲಿ ಆಮ್ಲಜನಕದ ಪಾಲು ಐದರಲ್ಲಿ ಒಂದರಷ್ಟು. ಉಳಿದ ಸಾರಜನಕ ಯಾವ ಕೆಲಸವನ್ನೂ ಮಾಡದೆ, ಪುಕ್ಕಟೆಯಾಗಿ ಕಾಯಿಸಿಕೊಂಡು ಹೊರಟುಹೋಗುತ್ತದೆ. ತೆರೆದ ಒಲೆಗೆ ಬೇಕಾದುದಕ್ಕಿಂತ ಎಷ್ಟೋ ಪಟ್ಟು ಗಾಳಿ ನುಗ್ಗುವುದರಿಂದ ಈ ಕಳ್ಳತನ ಇನ್ನೂ ಹೆಚ್ಚು. ಒಲೆಯ ಮೈಯೂ ತನ್ನ ಪಾಲನ್ನು ಕೇಳುತ್ತದೆ. ಐವತ್ತು ಕಿಲೋಗ್ರಾಂ ಮಣ್ಣಿನ ಒಲೆ ಸರಾಸರಿ ನೂರು ಡಿಗ್ರಿ ಕಾಯಲು ಸಾವಿರ ಕಿಲೊಕ್ಯಾಲೊರಿ ಬೇಕು, ಅಂದರೆ ಕಾಲು ಕಿಲೋಗ್ರಾಂ ಸೌದೆ. ದಿನವೆಲ್ಲ ಉರಿಯುವ ಛತ್ರದ ಒಲೆ ದಪ್ಪಗಿದ್ದರೆ ಚಿಂತೆಯಿಲ್ಲ. ಒಂದು ಲೋಟ ಕಾಫಿಗೆ ಹಚ್ಚುವ ಒಲೆ ಹಗುರವಾಗಿರಬೇಕು. ಗಾಳಿಮರೆಯಲ್ಲಿ ಜೋಪಾನವಾಗಿ ಉರಿಸಿದ ಮೂರು ಕಲ್ಲಿನ ಒಲೆ, ದಪ್ಪ ಗೋಡೆಯ ಮಣ್ಣಿನ ಒಲೆಯನ್ನು ಸೋಲಿಸುವುದು ಈ ಕಾರಣದಿಂದಲೇ. ಹಳೆಯದೆಲ್ಲವೂ ಕೆಟ್ಟದ್ದು, ಕಟ್ಟಿದ್ದೆಲ್ಲವೂ ಒಳ್ಳೆಯದು ಎಂಬ ನಿಯಮ ಶಾಖಕ್ಕೆ ಗೊತ್ತಿಲ್ಲ.

ಈಗ ನಾವು ಮೇಲೆ ಹೇಳಿದ ವಿರೋಧಕ್ಕೆ ಬರೋಣ. ಶಾಖ ಚೆನ್ನಾಗಿ ಮುಟ್ಟಲೆಂದು ಪಾತ್ರೆಯನ್ನು ಬೆಂಕಿಗೆ ತೀರ ಹತ್ತಿರ ತಂದರೆ ಏನಾಗುವುದು? ನೀರಿರುವ ಪಾತ್ರೆಯ ತಳದ ಉಷ್ಣತೆ ನೂರು ಡಿಗ್ರಿಯಿಂದ ಹೆಚ್ಚು ದೂರ ಹೋಗಲಾರದು. ಆರುನೂರು ಡಿಗ್ರಿಗೆ ಕಡಿಮೆಯಾದರೆ ಆರಿಹೋಗುವ ಅನಿಲಗಳಿಗೆ ಅದು ತಣ್ಣನೆಯ ಗೋಡೆ. ಉರಿಯುತ್ತಿದ್ದ ಜ್ವಾಲೆ ಅಲ್ಲಿ ನಂದಿ ಮಸಿಯಾಗಿ ಮೆತ್ತಿಕೊಳ್ಳುತ್ತದೆ. ದೂರ ಇಟ್ಟರೆ ಉರಿ ಶುದ್ಧ, ಶಾಖ ಸೋರಿಹೋಗುವುದು. ಹತ್ತಿರ ಇಟ್ಟರೆ ಶಾಖ ದಕ್ಕುವುದು, ಹೊಗೆ ಹೆಚ್ಚುವುದು. ಒಲೆಯನ್ನು ರಚಿಸುವವರ ಜಾಣ್ಮೆಯೆಲ್ಲ ಈ ಇಕ್ಕಟ್ಟಿನಲ್ಲಿ ಪರೀಕ್ಷೆಗೆ ಒಳಗಾಗುತ್ತದೆ.

ಗ್ಯಾಸ್ ಒಲೆಯಲ್ಲಿ ಈ ಇಕ್ಕಟ್ಟು ಬಹುಮಟ್ಟಿಗೆ ಇಲ್ಲ. ಅಲ್ಲಿ ಇಂಧನ ಮೊದಲೇ ಅನಿಲ. ಅದು ಉರಿಯುವ ಮುನ್ನವೇ ಗಾಳಿಯೊಡನೆ ಬೆರೆತು ಬರುತ್ತದೆ. ೧೮೫೫ರಲ್ಲಿ ಹೈಡಲ್‌ಬರ್ಗಿನಲ್ಲಿ ರಾಬರ್ಟ್ ಬುನ್ಸೆನ್ ರೂಢಿಗೆ ತಂದ ದೀಪದ ತತ್ತ್ವವೇ ಇದು. ಬೆರಕೆ ಸರಿಯಾಗಿದ್ದರೆ ಜ್ವಾಲೆ ಚಿಕ್ಕದಾಗಿ, ನೀಲಿಯಾಗಿ ಇರುತ್ತದೆ. ಹಳದಿಯಾಯಿತೆಂದರೆ ಕಾದು ಹೊಳೆಯುವ ಮಸಿಯ ಕಣಗಳು ಅದರಲ್ಲಿವೆ, ರಂಧ್ರಗಳನ್ನು ಶುಚಿ ಮಾಡಬೇಕೆಂದು ಅರ್ಥ. ಭಾರತೀಯ ಮಾನಕದ ಪ್ರಕಾರ ಮನೆಬಳಕೆಯ ಗ್ಯಾಸ್ ಒಲೆ ನೂರಕ್ಕೆ ೬೮ ಪಾಲಿಗೆ ಕಡಿಮೆಯಿಲ್ಲದಂತೆ ಶಾಖವನ್ನು ಪಾತ್ರೆಗೆ ತಲುಪಿಸಬೇಕು. ಈ ಅನಿಲ ಒಂದು ಕಿಲೋಗ್ರಾಂಗೆ ಸುಮಾರು ೧೧,೦೦೦ ಕಿಲೊಕ್ಯಾಲೊರಿ ಕೊಡುವುದರಿಂದ ನಮ್ಮ ಅನ್ನಕ್ಕೆ ಮೂವತ್ತೊಂದು ಮೂವತ್ತೆರಡು ಗ್ರಾಂ ಸಾಕು. ವಿದ್ಯುತ್ತಿನ ಇಂಡಕ್ಷನ್ ಒಲೆ ಇದಕ್ಕಿಂತಲೂ ಮಿತವ್ಯಯದ್ದು, ಅಡುಗೆಮನೆಯೊಳಗೆ ಮಾತ್ರ. ಕಲ್ಲಿದ್ದಲಿನ ವಿದ್ಯುದಾಗಾರದಲ್ಲಿ ಕಲ್ಲಿದ್ದಲಿನ ಶಾಖದ ಮೂರನೆಯ ಒಂದು ಪಾಲಷ್ಟೇ ವಿದ್ಯುತ್ತಾಗುವುದನ್ನು ಲೆಕ್ಕಕ್ಕೆ ಹಿಡಿದರೆ ಅದರ ಮೇಲ್ಮೆ ಕುಗ್ಗುತ್ತದೆ. ಜಲಪಾತದ ವಿದ್ಯುತ್ತಿಗೆ ಈ ಆಕ್ಷೇಪ ಹೊಂದದು.

ಕುದಿಸುವುದೂ ಬೇಯಿಸುವುದೂ

ಇಲ್ಲಿಯವರೆಗೆ ಒಲೆಯನ್ನು ದೂರಿದ್ದಾಯಿತು. ಪಾತ್ರೆಯೊಳಗೂ ಶಾಖ ಹಾಳಾಗುತ್ತದೆ, ಅದಕ್ಕೆ ಒಲೆ ಹೊಣೆಯಲ್ಲ. ಶಾಖ ಬೇರೆ, ಉಷ್ಣತೆ ಬೇರೆ. ಒಂದು ಚಮಚ ಕುದಿನೀರಿನ ಉಷ್ಣತೆಯೂ ಹಂಡೆ ತುಂಬ ಕುದಿನೀರಿನ ಉಷ್ಣತೆಯೂ ಒಂದೇ. ಅವುಗಳಲ್ಲಿರುವ ಶಾಖ ಮಾತ್ರ ಬೇರೆ. ಬೇಳೆಯಾಗಲಿ ಅಕ್ಕಿಯಾಗಲಿ ಬೇಯುವ ವೇಗ ನಿಂತಿರುವುದು ಉಷ್ಣತೆಯ ಮೇಲೆ. ನೀರು ಕುದಿಯತೊಡಗಿದ ಮೇಲೆ ಎಷ್ಟೇ ಉರಿ ಹಾಕಿದರೂ ಅದರ ಉಷ್ಣತೆ ಏರದು. ಹೆಚ್ಚಿನ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೆ ಹೋಗುತ್ತದೆ. ಒಂದು ಗ್ರಾಂ ಕುದಿನೀರು ಆವಿಯಾಗಲು ೫೪೦ ಕ್ಯಾಲೊರಿ ಬೇಕು, ಅದೇ ಗುಪ್ತೋಷ್ಣ. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಇದನ್ನು ಗುರುತಿಸಿದನು. ಈಗ ಲೆಕ್ಕ ನೋಡಿ: ತೆರೆದ ಪಾತ್ರೆಯಿಂದ ಅರ್ಧ ಲೀಟರ್ ನೀರು ಆವಿಯಾಗಿ ಹೋದರೆ ೨೭೦ ಕಿಲೊಕ್ಯಾಲೊರಿ ಹೋಯಿತು. ಇಡೀ ಅನ್ನವನ್ನು ಕುದಿಗೆ ತರಲು ಬೇಕಾದುದು ೨೩೪! ತಳಮಳ ಕುದಿಯುವ ಪಾತ್ರೆಯಲ್ಲಿ ಅನ್ನ ಬೇಗ ಆಗುವುದಿಲ್ಲ. ಸದ್ದು ಹೆಚ್ಚು, ಅಷ್ಟೇ. ಕುದಿ ಬಂದೊಡನೆ ಕೊಳ್ಳಿ ಹಿರಿದು, ಮುಚ್ಚಳವಿಟ್ಟು, ಸೋರಿದಷ್ಟು ಶಾಖವನ್ನು ಮಾತ್ರ ತುಂಬಿಕೊಡುವ ಕೆಂಡದ ಮೇಲೆ ಬಿಡುವ ಹಿರಿಯರ ಅಭ್ಯಾಸಕ್ಕೆ ಶಾಸ್ತ್ರದ ಸಂಪೂರ್ಣ ಸಮ್ಮತಿಯಿದೆ. ಕುದಿ ಬಂದ ಪಾತ್ರೆಯನ್ನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಹುದುಗಿಸಿಟ್ಟರೆ ಬೆಂಕಿಯೇ ಇಲ್ಲದೆ ಬೇಯುವಿಕೆ ಮುಂದುವರಿಯುತ್ತದೆ.

ಉಷ್ಣತೆಯನ್ನೇ ಏರಿಸಬೇಕಾದರೆ ಒತ್ತಡವನ್ನು ಏರಿಸಬೇಕು. ಸಮುದ್ರಮಟ್ಟದಿಂದ ಪ್ರತಿ ೩೦೦ ಮೀಟರ್ ಮೇಲೇರಿದಂತೆ ನೀರಿನ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಮಂಗಳೂರಿನಲ್ಲಿ ನೂರು ಡಿಗ್ರಿಗೆ ಕುದಿಯುವ ನೀರು ಬೆಂಗಳೂರಿನಲ್ಲಿ ೯೭ಕ್ಕೆ, ಲೇಹದಲ್ಲಿ ೮೮ಕ್ಕೆ ಕುದಿದು ಬಿಡುವುದು. ಪ್ರೆಷರ್ ಕುಕ್ಕರಿನಲ್ಲಿ ಆವಿಯನ್ನು ಕೂಡಿಹಾಕಿದಾಗ ಒತ್ತಡ ಇಮ್ಮಡಿಯಾಗಿ ನೀರು ೧೨೦ ಡಿಗ್ರಿಯ ಸಮೀಪದವರೆಗೆ ದ್ರವವಾಗಿಯೇ ಉಳಿಯುತ್ತದೆ; ತೊಗರಿಬೇಳೆ ಕಾಲಂಶ ಸಮಯದಲ್ಲಿ ಬೇಯುತ್ತದೆ. ಫ್ರಾನ್ಸಿನ ಡೆನಿಸ್ ಪಾಪಿನ್ ೧೬೭೯ರಲ್ಲಿಯೇ ಇಂಥ ಪಾತ್ರೆಯನ್ನು ಮಾಡಿ ಲಂಡನ್ನಿನಲ್ಲಿ ತೋರಿಸಿದ್ದನು. ಅದು ನಮ್ಮ ಅಡುಗೆಮನೆಗೆ ಬರಲು ಮುನ್ನೂರು ವರ್ಷಗಳಷ್ಟು ಕಾಲ ಹಿಡಿಯಿತು.

ಹೊಗೆಯಿಲ್ಲದ ಒಲೆಗಳು

ಸೌದೆಯ ಉಳಿತಾಯವೊಂದೇ ಇಲ್ಲಿ ಪ್ರಶ್ನೆಯಾಗಿದ್ದರೆ ವಿಷಯ ಇಷ್ಟು ಗಂಭೀರವಾಗುತ್ತಿರಲಿಲ್ಲ. ಉರಿಯದೆ ಉಳಿದ ಇಂಧನ ಹೋಗುವುದು ಒಲೆ ಹಚ್ಚುವವರ ಕಣ್ಣಿಗೆ, ಶ್ವಾಸಕೋಶಕ್ಕೆ. ಮಡಿಲಲ್ಲಿ ಕೂಸಿದ್ದರೆ ಆ ಕೂಸಿನ ಶ್ವಾಸಕೋಶಕ್ಕೂ ಹೋಗುವುದು. ಮನೆಯೊಳಗಿನ ಹೊಗೆಯಿಂದ ೨೦೨೦ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ೩೨ ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸೌದೆಯನ್ನು ಆಯ್ದು ತಲೆಯ ಮೇಲೆ ಹೊತ್ತು ತರುವ ಶ್ರಮವೂ ಬಹುಮಟ್ಟಿಗೆ ಹೆಂಗಸರದೇ. ನೂರಕ್ಕೆ ಹತ್ತು ಪಾಲು ಮಾತ್ರ ದಕ್ಕುವ ಒಲೆಗೆ ಹತ್ತು ಹೊರೆ ತಂದರೆ ಒಂಬತ್ತು ಹೊರೆಯ ಶಾಖ ಹೊರಗೆ ಹೋಯಿತೆಂದೇ ಅರ್ಥ.

ನಮ್ಮ ದೇಶದಲ್ಲಿ ಇದಕ್ಕೆ ಪರಿಹಾರ ಹುಡುಕಿದವರ ಪರಂಪರೆ ಹಳೆಯದು. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದಲ್ಲಿ ಎಸ್. ಪಿ. ರಾಜು ಅವರು ಹೊಗೆಗೂಡು ಸಹಿತವಾದ ಮಣ್ಣಿನ ಒಲೆಯೊಂದನ್ನು ರಚಿಸಿ ೧೯೫೩ರಲ್ಲಿ ಅದರ ಬಗ್ಗೆ ಪುಸ್ತಕವನ್ನು ಪ್ರಕಟಿಸಿದರು. ಹೊಗೆಯನ್ನು ಹೊರಗಟ್ಟುವುದು ಅದರ ಮುಖ್ಯ ಉದ್ದೇಶ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ೧೯೭೪ರಲ್ಲಿ 'ಅಸ್ತ್ರ' ಎಂಬ ವಿಭಾಗ ಆರಂಭವಾಯಿತು. ಹಳ್ಳಿಗಳ ಕೆಲಸಕ್ಕೆ ವಿಜ್ಞಾನವನ್ನು ಅನ್ವಯಿಸುವುದು ಅದರ ಧ್ಯೇಯ. ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಈ ವಿಭಾಗದವರು ಶಕ್ತಿಯ ಬಳಕೆಯನ್ನು ಅಳೆದಾಗ, ಸೌದೆಯೇ ಹಳ್ಳಿಯ ಮುಖ್ಯ ಇಂಧನವೆಂದೂ ಅದರ ಬಹುಪಾಲು ಅಡುಗೆಗೆ ಹೋಗುವುದೆಂದೂ ಕಂಡುಬಂದಿತು. ಪಂಪುಸೆಟ್ಟು ದೀಪಗಳ ಮಾತನ್ನೇ ಆಡುತ್ತಿದ್ದ ಕಾಲದಲ್ಲಿ ಇದು ದೊಡ್ಡ ತಿಳಿವಳಿಕೆ. ೧೯೮೦ರ ದಶಕದ ಆರಂಭದಲ್ಲಿ ರೂಪುಗೊಂಡ 'ಅಸ್ತ್ರ ಒಲೆ' ಇದರ ಫಲ. ಸೌದೆ ಮುಚ್ಚಿದ ಗೂಡಿನಲ್ಲಿ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ. ಜಾಲರಿಯ ಕೆಳಗಿನಿಂದ ಕೆಂಡಕ್ಕೆ ಬೇಕಾದ ಗಾಳಿ, ಮೇಲಿನ ರಂಧ್ರಗಳಿಂದ ಅನಿಲಕ್ಕೆ ಬೇಕಾದ ಗಾಳಿ ಒಳಬರುತ್ತವೆ. ಒಳಕ್ಕೆ ಇಳಿಬಿಟ್ಟ ಮೂರು ಪಾತ್ರೆಗಳ ತಳವನ್ನು ಒಂದಾದ ಮೇಲೊಂದರಂತೆ ಸವರಿಕೊಂಡು ಅನಿಲವು ಹೊಗೆಗೂಡನ್ನು ಸೇರುತ್ತದೆ. ಪರೀಕ್ಷೆಯಲ್ಲಿ ನೂರಕ್ಕೆ ಮೂವತ್ತು ಪಾಲನ್ನೂ ಮೀರಿ ಶಾಖ ಪಾತ್ರೆಗಳಿಗೆ ದಕ್ಕಿತು. ಕೋಡೊಲೆಯ ಹಳೆಯ ಉಪಾಯಕ್ಕೆ ಅಳತೆ ಲೆಕ್ಕಗಳ ಬಲ ಸೇರಿದ್ದನ್ನು ಓದುಗರು ಗುರುತಿಸಿರಬಹುದು.

ಕೇಂದ್ರ ಸರ್ಕಾರ ೧೯೮೩ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಅದು ಸುಮಾರು ಎರಡು ದಶಕ ನಡೆಯಿತು. ಕಟ್ಟಿದ ಒಲೆಗಳು ಬಹಳ; ಕೆಲವು ವರ್ಷಗಳ ತರುವಾಯವೂ ಉರಿಯುತ್ತಿದ್ದುವು ಕಡಿಮೆ. ಹೊಗೆಗೂಡು ಮಸಿಯಿಂದ ಕಟ್ಟಿಕೊಂಡಿತು, ಮಣ್ಣು ಬಿರುಕುಬಿಟ್ಟಿತು. ಗೂಡಿನ ಬಾಯಿ ಚಿಕ್ಕದಾದ್ದರಿಂದ ಸೌದೆಯನ್ನು ಸಣ್ಣಗೆ ಸೀಳಬೇಕಾಯಿತು. ಸೀಳುವ ಕೆಲಸವೂ ಅದೇ ಗೃಹಿಣಿಯ ಪಾಲಿಗೆ ಬಂದಿತು. ಲೆಕ್ಕಕ್ಕೆ ಕಟ್ಟಿದ ಬಾಯಿಗೆ ಮನೆಯ ಪಾತ್ರೆ ಸರಿಹೊಂದದೆ ಹೋದರೆ ಸಂದಿ ಅಗಲವಾಗಿ ಲಾಭವೆಲ್ಲ ಸೋರಿಹೋಯಿತು. ಶಾಖದ ಶಾಸ್ತ್ರ ತಪ್ಪಿರಲಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡುವವರು ಯಾರು ಎಂಬ ಪ್ರಶ್ನೆಗೆ ಆ ಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ೨೦೧೬ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಕೋಟ್ಯಂತರ ಮನೆಗಳಿಗೆ ಗ್ಯಾಸ್ ಒಲೆ ಬಂದಿದೆ. ಆದರೂ ಸಿಲಿಂಡರಿನ ಬೆಲೆ ಭಾರವಾದ ಮನೆಗಳಲ್ಲಿ ಸೌದೆಯ ಒಲೆಯೂ ಪಕ್ಕದಲ್ಲಿ ಉಳಿದುಕೊಂಡಿದೆ. ಸ್ನಾನದ ನೀರಿಗಂತೂ ಅನೇಕ ಕಡೆ ಅದೇ ಗತಿ.

ನಿಮ್ಮ ಮನೆಯ ಒಲೆ ಎಷ್ಟು ಪಾಲನ್ನು ಪಾತ್ರೆಗೆ ಕೊಡುತ್ತದೆಂದು ನೀವೇ ಅಳೆಯಬಹುದು. ತಕ್ಕಡಿ, ಥರ್ಮಾಮೀಟರ್ ಇಷ್ಟೇ ಸಾಮಗ್ರಿ. ಎರಡು ಲೀಟರ್ ನೀರನ್ನು ಪಾತ್ರೆಗೆ ಹೊಯ್ದು ಅದರ ಉಷ್ಣತೆಯನ್ನು ಬರೆದುಕೊಳ್ಳಿ. ಒಣ ಸೌದೆಯನ್ನು ತೂಗಿ, ಮುಚ್ಚಳವಿಟ್ಟು ಕುದಿಯುವವರೆಗೆ ಉರಿಸಿ. ಕುದಿ ಬಂದೊಡನೆ ಬೆಂಕಿಯನ್ನು ಮರಳು ಮುಚ್ಚಿ ಆರಿಸಿ, ಉಳಿದ ಕೊಳ್ಳಿಗಳನ್ನೂ ಇದ್ದಿಲನ್ನೂ ಬೇರೆ ಬೇರೆ ತೂಗಿ. ಉದಾಹರಣೆಗೆ ನೀರು ೨೫ರಿಂದ ೯೭ ಡಿಗ್ರಿಗೆ ಏರಿದ್ದರೆ ಅದು ಪಡೆದ ಶಾಖ ೧೪೪ ಕಿಲೊಕ್ಯಾಲೊರಿ. ಕೊಳ್ಳಿಗಳನ್ನು ಕಳೆದು ೩೦೦ ಗ್ರಾಂ ಸೌದೆ ಖರ್ಚಾಗಿದ್ದರೆ ಅದರ ಶಾಖ ೧೨೦೦. ಉಳಿದ ಇದ್ದಿಲು ೩೦ ಗ್ರಾಂ ಇದ್ದರೆ, ಕಿಲೋಗ್ರಾಂಗೆ ೭೦೦೦ದಂತೆ, ೨೧೦ನ್ನು ಅದರಿಂದ ಕಳೆಯಬೇಕು. ೯೯೦ರಲ್ಲಿ ೧೪೪ ದಕ್ಕಿತು, ನೂರಕ್ಕೆ ಹದಿನಾಲ್ಕೂವರೆ. ಅದೇ ಪ್ರಯೋಗವನ್ನು ಮುಚ್ಚಳವಿಲ್ಲದೆ ಒಮ್ಮೆ, ಪಾತ್ರೆಯ ಸುತ್ತ ಬೆರಳಗಲ ಸಂದಿ ಬಿಟ್ಟು ತಗಡಿನ ಗೋಡೆ ನಿಲ್ಲಿಸಿ ಒಮ್ಮೆ, ಹಸಿ ಸೌದೆಯಿಂದ ಒಮ್ಮೆ ಮಾಡಿ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ಹಸಿ ಸೌದೆಯ ಪ್ರಯೋಗವನ್ನು ಮನೆಯ ಹೊರಗೆ ಮಾಡುವುದು ಒಳ್ಳೆಯದು.